ಸಿಸ್ಟರಮ್ಮ ಇಟ್ಟ ಹೆಸರು

ಅಜ್ಜಂಪುರದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಗೊಬ್ನಕ್ಕನಿಗೆ ಈಗ ಐವತ್ತೆಂಟು ವರ್ಷ. ಇಷ್ಟು ವರ್ಷಗಳಲ್ಲಿ ಹೆಸರನ್ನು ಎರಡು ಸಲ ಹೇಳದೆ ಅವಳ ಒಂದು ಕೆಲಸವೂ ಆಗಿದ್ದಿಲ್ಲ. ಬ್ಯಾಂಕಿಗೆ ಹೋಗಲಿ, ನ್ಯಾಯಬೆಲೆ ಅಂಗಡಿಗೆ ಹೋಗಲಿ, ಕೂತವರು ತಲೆ ಎತ್ತಿ "ಏನಂದ್ರಿ?" ಎಂದು ಕೇಳಲೇಬೇಕು. "ಗೊಬ್ನೆಟ್" ಎಂದು ಅವಳು ಮತ್ತೆ ಹೇಳಬೇಕು. "ಗೊಬ್ಬರಾನಾ?" ಎಂದು ನಕ್ಕವರೂ ಉಂಟು. ಹರೆಯದಲ್ಲಿ ಸಿಟ್ಟು ಬರುತ್ತಿತ್ತು. ಈಗ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಇಲ್ಲ. "ಹೂಂ ಕಣಪ್ಪ, ಅದೇ ಬರ್ಕೋ, ನಂಗೆ ಹೊತ್ತಾಯ್ತದೆ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಹೊತ್ತಾಗುವುದು ಸುಳ್ಳಲ್ಲ. ಬೆಳಗ್ಗೆ ಐದಕ್ಕೆ ಎದ್ದರೆ ಮೊದಲು ಅವ್ವನ ಕೆಲಸ. ಎಂಬತ್ತೆರಡರ ಈರಕ್ಕನನ್ನು ಮಗ್ಗುಲಿಗೆ ಹೊರಳಿಸಿ, ಬಟ್ಟೆ ಬದಲಿಸಿ, ಒದ್ದೆಯಾದ ದುಪ್ಪಟಿ ಒಗೆದು ಹಾಕಿ, ಮುಖ ತೊಳೆಸಿ, ವಿಭೂತಿ ಹಚ್ಚಿ, ಎದೆಯ ಮೇಲಿನ ಲಿಂಗಕ್ಕೆ ಒಂದು ಹೂವು ಇಟ್ಟು ಕೈ ಮುಗಿಸಿ, ರಾಗಿ ಗಂಜಿ ಕುಡಿಸುವ ಹೊತ್ತಿಗೆ ಎಂಟೂವರೆ. ಒಂಬತ್ತಕ್ಕೆ ಶಾಲೆ. ಇನ್ನೂರು ಚಿಲ್ಲರೆ ಮಕ್ಕಳಿಗೆ ಹಾಲು ಕಾಯಿಸಬೇಕು, ಅನ್ನ ಬಸಿಯಬೇಕು, ಸಾರು ಕುದಿಸಬೇಕು, ಮೊಟ್ಟೆ ಸುಲಿಯಬೇಕು. ಆಮೇಲೆ ಆ ದೊಡ್ಡ ದೊಡ್ಡ ಪಾತ್ರೆಗಳ ಒಳಗೆ ಅರ್ಧ ಮೈ ಇಳಿಸಿ ತಿಕ್ಕಬೇಕು. ಮೂರೂವರೆಗೆ ಮನೆಗೆ ಬಂದರೆ ಅವ್ವ ಹಾಗೇ ಕಾಯುತ್ತಿರುತ್ತಾಳೆ. ಗಂಡ ತೀರ್ಥಪ್ಪ ಸತ್ತು ಹನ್ನೆರಡು ವರ್ಷ. ಮಗಳು ಪ್ರತಿಮಾ ತರೀಕೆರೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಮಂಡಿ ಚಿಪ್ಪು ಸವೆದಿದೆ ಎಂದು ಡಾಕ್ಟರು ಹೇಳಿದ್ದಾರೆ, ವಿಶ್ರಾಂತಿ ತಗೊಳ್ಳಿ ಎಂದೂ ಹೇಳಿದ್ದಾರೆ. ಹೇಳುವುದಕ್ಕೇನು, ಹೇಳುತ್ತಾರೆ.

ಈ ದುಡಿತ ಅವಳಿಗೆ ಭಾರವೆನಿಸಿದ್ದಿಲ್ಲ. ಭಾರವೆನಿಸಿದ್ದು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಹೆಗ್ಗಣಕ್ಕೆ ಸಿಕ್ಕಿದ ಮುದ್ದೂ ಗೊಬ್ನಕ್ಕನಿಗೆ ಸಿಕ್ಕಿರಲಿಲ್ಲ. ಹುಟ್ಟಿದಂದಿನಿಂದ ಈ ಹೊತ್ತಿನವರೆಗೆ ಈರಕ್ಕ ಅವಳನ್ನು ಒಂದು ಸಲವೂ "ಮಗಳೇ" ಎಂದು ಕರೆದಿರಲಿಲ್ಲ. "ಲೇ ಗೊಬ್ನಿ" ಎನ್ನುವಳು, "ಬಾರೇ ಇಲ್ಲಿ" ಎನ್ನುವಳು. ಬೇರೆಯವರು ಕೇಳಿದರೆ "ಸಿಸ್ಟರಮ್ಮನೋರ ಹುಡುಗಿ, ನಮ್ಮನೇಲಿ ಬೆಳೀತಾ ಅವ್ಳೆ" ಎನ್ನುವಳು. ಮದುವೆಯಲ್ಲಿ ಬೀಗರ ಮುಂದೆಯೂ ಹಾಗೇ ಅಂದು, ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡು, ಅಪ್ಪ ಈರಭದ್ರಪ್ಪ ನಡುವೆ ಬಾಯಿ ಹಾಕಿ ಮಾತು ಮುಚ್ಚಬೇಕಾಗಿ ಬಂದಿತ್ತು.

ಇದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಈರಕ್ಕ ಮದುವೆಯಾದ ಎಂಟು ವರ್ಷದಲ್ಲಿ ಮೂರು ಹೆತ್ತು, ಮೂರನ್ನೂ ಮಣ್ಣಿಗೆ ಕೊಟ್ಟಿದ್ದಳು. ಮಕ್ಕಳು ನಿಲ್ಲದ ಮನೆಯಲ್ಲಿ ಹಿರಿಯರು ಮಾಡುವ ಒಂದು ಉಪಾಯವಿದೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಹತ್ತಿರ ಇಟ್ಟು, ಬೇರೆಯವರಿಂದ ಮೂರು ಹಿಡಿ ತೌಡು ಈಸಿಕೊಂಡು ಮಾರಿಬಿಡುವುದು. ಕೊಂಡವರು ಅದಕ್ಕೊಂದು ಕೆಟ್ಟ ಹೆಸರಿಟ್ಟು, ಸಾಕಲೆಂದು ಹೆತ್ತವಳ ಕೈಗೇ ಕೊಡುವುದು. ಆಮೇಲೆ ಸಾವು ಹುಡುಕಿಕೊಂಡು ಬಂದರೆ ಅಲ್ಲಿ ಈರಕ್ಕನ ಮಗು ಇಲ್ಲ. ಯಾರದೋ ಮಗು, ಅದೂ ಹೆಸರು ಹೇಳಲು ಹೇಸಿಗೆಯಾಗುವಂಥದ್ದು, ತಗೊಂಡು ಹೋಗಿ ಏನು ಮಾಡುವುದು ಎಂದು ಬಿಟ್ಟು ಹೋಗುತ್ತದೆ. ತಿಪ್ಪಮ್ಮ, ಕಲ್ಲವ್ವ, ಗುಂಡಪ್ಪ ಎಂಬ ಹೆಸರಿನವರು ಎಷ್ಟೋ ಜನ ಹೀಗೆಯೇ ಉಳಿದು ಮೊಮ್ಮಕ್ಕಳನ್ನು ಕಂಡವರು. ನಗುವವರು ನಗಲಿ. ಮೂರು ಸಲ ತೊಟ್ಟಿಲು ಬಿಚ್ಚಿದವಳ ಮುಂದೆ ನಿಂತು ನಗಲಿ, ನೋಡೋಣ.

ನಾಲ್ಕನೆಯದು ಅಡ್ಡ ತಿರುಗಿತ್ತು. ಈರಭದ್ರಪ್ಪ ಹೆಂಡತಿಯನ್ನು ರೈಲು ಹತ್ತಿಸಿ ಕಡೂರಿಗೆ ಕರೆದೊಯ್ದ. ಆಗ ಅಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಒಂದು ಪುಟ್ಟ ಆಸ್ಪತ್ರೆ ಇತ್ತು. ಅದರಲ್ಲೊಬ್ಬ ಐರ್ಲೆಂಡ್ ದೇಶದ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಸುಲಿದ ಕೆಂಪು ಮುಖದವಳು. ಹೆಸರು ಸಿಸ್ಟರ್ ಡೆಕ್ಲನ್, ಜನರ ಬಾಯಲ್ಲಿ ದಕ್ಲಮ್ಮ. ಎರಡು ಜೀವವನ್ನೂ ಉಳಿಸಿದ್ದು ಅವಳೇ. ಐದನೆಯ ದಿನ ಈರಕ್ಕ ಕೂಸನ್ನು ಮೊರದಲ್ಲಿ ಮಲಗಿಸಿ ಆಸ್ಪತ್ರೆಯ ಹಿತ್ತಲಿಗೆ ತಂದು, "ಇದನ್ನ ನೀವೇ ಕೊಂಡ್ಕಳಿ, ಒಂದು ಕೆಟ್ಟ ಹೆಸರಿಡಿ" ಎಂದು ಕಾಲು ಹಿಡಿದಳು. ದಕ್ಲಮ್ಮನಿಗೆ ಅರ್ಥವಾಗಲಿಲ್ಲ. ದಾದಿ ಶಾಂಭವಿ ಬಿಡಿಸಿ ಹೇಳಿದಳು. ಕೊನೆಗೆ ಆಸ್ಪತ್ರೆಯ ಹಸುವಿಗೆಂದು ತಂದಿಟ್ಟಿದ್ದ ತೌಡಿನಲ್ಲಿ ಮೂರು ಹಿಡಿ ಈರಕ್ಕನ ಮಡಿಲಿಗೆ ಬಿತ್ತು, ಗೊಬ್ನೆಟ್ ಎಂಬ ಹೆಸರು ಕೂಸಿನ ಪಾಲಿಗೆ ಬಿತ್ತು. ಕೇಳಿದ ಕೂಡಲೇ ಈರಕ್ಕನಿಗೆ ಸಮಾಧಾನವಾಯಿತು. ಇಷ್ಟು ಒರಟು ಹೆಸರು ಕೆಟ್ಟದ್ದಾಗಿರದೆ ಇನ್ನೇನು? ಲಿಂಗ ಕಟ್ಟಲು ಬಂದ ಮಠದ ಅಯ್ಯನವರು ಮಾತ್ರ ಹೆಸರು ಕೇಳಿ, "ಇರಲಿ, ಶಿವನಿಗೆ ಎಲ್ಲಾ ಹೆಸರೂ ಒಂದೇ" ಎಂದು ನಿಟ್ಟುಸಿರು ಬಿಟ್ಟರಂತೆ.

ಗೊಬ್ನಿ ಉಳಿದಳು. ಎರಡು ವರ್ಷಕ್ಕೆ ತಮ್ಮ ಹುಟ್ಟಿದ. ಅಕ್ಕ ಬಾಗಿಲಲ್ಲಿ ಅಡ್ಡ ನಿಂತ ಹಾಗೆ ಇದ್ದಳಲ್ಲ, ಇನ್ನು ಭಯವಿಲ್ಲ ಎಂದು ಅವನಿಗೆ ಧೈರ್ಯವಾಗಿ ಓಂಕಾರೇಶ್ ಎಂದು ಹೆಸರಿಟ್ಟು, ಬಾಯಿ ತುಂಬ "ನನ್ ಮಗ, ನನ್ ಮಗ" ಎಂದರು. ಅವನೀಗ ತರೀಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾನೆ. ಒಳ್ಳೆಯವನೇ. ಮನೆ ಮಾತ್ರ ಮಹಡಿಯ ಮೇಲಿದೆ, ಅವ್ವನಿಗೆ ಮೆಟ್ಟಿಲು ಹತ್ತಲಾಗದು ಎಂಬ ಮಾತಿನ ಮೇಲೆ ಈರಕ್ಕ ಗೊಬ್ನಕ್ಕನ ಪಾಲಿಗೆ ಬಂದಳು.

ಕಳೆದ ತಿಂಗಳು ಈರಕ್ಕ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ತರೀಕೆರೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಒಂಬತ್ತು ದಿನ ಗೊಬ್ನಕ್ಕ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದಳು. ಓಂಕಾರೇಶ್ ಸಂಜೆ ಬಂದು ಎಳನೀರು ಕೊಟ್ಟು ಹೋಗುತ್ತಿದ್ದ. ಬಿಟ್ಟು ಕಳಿಸುವ ದಿನ ಎಳೆ ವಯಸ್ಸಿನ ಡಾಕ್ಟರಮ್ಮ ಬಂದು, ಮಾತನಾಡಿಸಲೆಂದು, "ಅಜ್ಜಿ, ಹಗಲೂ ರಾತ್ರಿ ನೋಡ್ಕೊಂಡ್ರಲ್ಲ ಇವ್ರು, ಮಗಳಾ?" ಎಂದು ಕೇಳಿದಳು.

ಈರಕ್ಕ ತಲೆ ಅಲ್ಲಾಡಿಸಿದಳು. "ಅಲ್ಲ ಕಣವ್ವ. ಸಿಸ್ಟರಮ್ಮನೋರ ಹುಡುಗಿ. ನಾನು ಸಾಕ್ತಾ ಇವ್ನಿ." ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಓಂಕಾರೇಶನ ಕಡೆ ಕೈ ತೋರಿಸಿ, "ಇವ್ನು ನೋಡಿ, ಇವ್ನು ನನ್ ಮಗ, ಓಂಕಾರಿ" ಎಂದಳು.

ಡಾಕ್ಟರಮ್ಮ ನಗುತ್ತ ಮುಂದಿನ ಮಂಚಕ್ಕೆ ಹೋದಳು. ಮುರಿದ ಸೊಂಟದ ಮುದುಕಿ ಅರವತ್ತರ ಹತ್ತಿರದವಳನ್ನು ಸಾಕುತ್ತಿದ್ದಾಳಂತೆ, ಯಾರಿಗೆ ನಗು ಬರುವುದಿಲ್ಲ? ಗೊಬ್ನಕ್ಕ ಲೋಟ ತೊಳೆಯುವ ನೆವದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತಳು. ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಆಸ್ತಿ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಅವ್ವ ಕಣ್ಣು ಮುಚ್ಚುವುದರೊಳಗೆ ಆ ಒಂದು ಮಾತು ಅವಳ ಬಾಯಿಂದ ಕೇಳಬೇಕಿತ್ತು. ಡಾಕ್ಟರು ಮಳೆಗಾಲ ದಾಟಿದರೆ ಹೆಚ್ಚು ಎಂದಿದ್ದರು.

ಅಜ್ಜಂಪುರಕ್ಕೆ ವಾಪಸಾದ ಮೇಲೆ ಶಾಲೆಯಲ್ಲಿ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಮಕ್ಕಳು ಸುಮ್ಮನೆ ಉಂಡವು, ಪಾಪ. ಅತಿಥಿ ಶಿಕ್ಷಕಿ ವಿದ್ಯಾಶ್ರೀ ತಟ್ಟೆ ಹಿಡಿದು ಅಡುಗೆ ಕೋಣೆಗೆ ಬಂದಳು. "ಏನ್ ಗೊಬ್ನಕ್ಕ, ಯಾವತ್ತೂ ಹಿಂಗಾಗಿಲ್ಲ?"

ಗೊಬ್ನಕ್ಕ ಅಕ್ಕಿ ಮೂಟೆಯ ಮೇಲೆ ಕೂತು ಎಲ್ಲ ಹೇಳಿದಳು. ವಿದ್ಯಾಶ್ರೀ ಕೇಳಿಸಿಕೊಂಡು, "ಅಲ್ಲಕ್ಕ, ಅದು ಕೆಟ್ಟ ಹೆಸರು ಅಂತ ಹೇಳಿದ್ಯಾರು? ಯಾರಾದ್ರೂ ಅರ್ಥ ನೋಡಿದೀರಾ?" ಎಂದು ಫೋನು ತೆಗೆದಳು.

"ಈ ವಯಸ್ನಾಗೆ ಅರ್ಥ ಕಟ್ಕೊಂಡು ಏನ್ ಮಾಡ್ಲಿ ಮಿಸ್?"

ವಿದ್ಯಾಶ್ರೀ ಒತ್ತುತ್ತ, ಓದುತ್ತ, ಕನ್ನಡದಲ್ಲಿ ಹೇಳುತ್ತ ಹೋದಳು. ಐರ್ಲೆಂಡಿನ ಹಳೆಯ ಹೆಸರು. ಈಗ ಅಲ್ಲಿಯೂ ಅಪರೂಪ, ಅಜ್ಜಿಯರ ಕಾಲದ್ದು ಎನ್ನುತ್ತಾರಂತೆ. ಅವರ ಭಾಷೆಯಲ್ಲಿ ಕಮ್ಮಾರನಿಗೆ ಹೇಳುವ ಮಾತಿನಿಂದ ಬಂದದ್ದು ಎಂದು ತಿಳಿದವರ ಲೆಕ್ಕ.

"ಕಮ್ಮಾರ್ತೀನಾ?" ಗೊಬ್ನಕ್ಕ ಒಲೆಯ ಕಡೆ ನೋಡಿದಳು. "ಸರಿಯಾಗೇ ಇಟ್ಟವ್ರೆ ಬಿಡಿ. ಹುಟ್ಟಿದಾಗ್ಲಿಂದ ಬೆಂಕಿ ಮುಂದೇನೇ ಬೇಯ್ತಿವ್ನಿ."

"ಕೇಳಿ ಇಲ್ಲಿ. ಆ ಹೆಸರಿನ ಒಬ್ಬ ಶರಣೆ ಇದ್ರಂತೆ, ಒಂದೂವರೆ ಸಾವಿರ ವರ್ಷದ ಹಿಂದೆ." ವಿದ್ಯಾಶ್ರೀಗೆ ಉತ್ಸಾಹ ಬಂದಿತ್ತು. ಒಂಬತ್ತು ಬಿಳಿ ಜಿಂಕೆ ಒಟ್ಟಿಗೆ ಮೇಯುವುದನ್ನು ಎಲ್ಲಿ ಕಾಣುತ್ತೀಯೋ ಅಲ್ಲೇ ನೆಲೆ ನಿಲ್ಲು ಎಂದು ದೇವದೂತ ಹೇಳಿದನಂತೆ, ಅವಳು ಊರೂರು ಅಲೆದಳಂತೆ. ಜೇನು ಸಾಕುತ್ತಿದ್ದಳಂತೆ, ಜೇನಿನಲ್ಲೇ ರೋಗ ವಾಸಿ ಮಾಡುತ್ತಿದ್ದಳಂತೆ. ದನ ಕದ್ದೊಯ್ಯಲು ಬಂದ ಕಳ್ಳರ ಮೇಲೆ ಜೇನುಹುಳ ಬಿಟ್ಟು ಓಡಿಸಿದಳಂತೆ. ಊರಿಗೆ ಹೆಮ್ಮಾರಿ ಬಂದಾಗ ಎಲ್ಲೆಯಲ್ಲಿ ಕೋಲಿನಿಂದ ಗೆರೆ ಎಳೆದಳಂತೆ, ರೋಗ ಆ ಗೆರೆ ದಾಟಲಿಲ್ಲವಂತೆ. ಇವತ್ತಿಗೂ ಆ ಊರಿನಲ್ಲಿ ಅವಳ ಮೂರ್ತಿಗೆ ರಿಬ್ಬನ್ ತಾಗಿಸಿ ಅಳೆದು ಮನೆಗೆ ಒಯ್ಯುತ್ತಾರಂತೆ, ಕಾಯಿಲೆಯವರಿಗೆ ಕಟ್ಟಲು.

ದನಗಳ್ಳರ ವಿಷಯ ಗೊಬ್ನಕ್ಕನಿಗೆ ಹಿಡಿಸಿತ್ತು. ಅಮೃತ್ ಮಹಲ್ ರಾಸುಗಳು ಮೇಯುವ ಕಾವಲಿನ ಪಕ್ಕ ಬೆಳೆದವಳಿಗೆ ದನದ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ. ಗೆರೆ ಎಳೆದ ಮಾತನ್ನು ಇನ್ನೊಂದು ಸಲ ಓದಿಸಿಕೊಂಡಳು. ಸಂಜೆ ಪಾತ್ರೆ ತಿಕ್ಕುವಾಗ ಅವಳ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಕೆಟ್ಟ ಹೆಸರಿನಿಂದ ಉಳಿದಳು ಎಂದಲ್ಲವೇ ಅವ್ವನ ನಂಬಿಕೆ? ಹೆಸರು ಕೆಟ್ಟದ್ದೇ ಅಲ್ಲವೆಂದ ಮೇಲೆ ಆ ಭಯಕ್ಕೆ ಬುಡವೇ ಇಲ್ಲ. ಒಳ್ಳೆಯ ಹೆಸರು ಹೊತ್ತುಕೊಂಡೇ ಐವತ್ತೆಂಟು ವರ್ಷ ಬದುಕಿದ್ದಾಳಲ್ಲ! ಇಷ್ಟನ್ನು ಅವ್ವನಿಗೆ ಬಿಡಿಸಿ ಹೇಳಿದರೆ ಆ ಮಾತು ಬಂದೇ ಬರುತ್ತದೆ.

ಆದರೆ ಫೋನಿನಲ್ಲಿ ಬಂತು ಎಂದರೆ ಈರಕ್ಕ ನಂಬುವವಳಲ್ಲ. ಅವಳು ನಂಬುವ ಒಂದು ಜೀವ ಉಳಿದಿತ್ತು, ದಾದಿ ಶಾಂಭವಿ. ಭಾನುವಾರ ಪಕ್ಕದ ಮನೆಯ ಮಲ್ಲಿಕಾಂಬನನ್ನು ಅವ್ವನ ಹತ್ತಿರ ಕೂರಿಸಿ ಗೊಬ್ನಕ್ಕ ಕಡೂರಿನ ಬಸ್ಸು ಹತ್ತಿದಳು. ಸೀಟು ಸಿಗದೆ ಬೀರೂರಿನವರೆಗೆ ನಿಂತೇ ಹೋದಳು.

ಶಾಂಭವಿಯ ಮನೆ ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯಲ್ಲಿ. ಎಂಬತ್ತು ದಾಟಿದ ಹೆಂಗಸು, ಕಣ್ಣು ಮಂಜು, ನೆನಪು ಮಾತ್ರ ಚುರುಕು. ಗೊಬ್ನಕ್ಕನ ಕೈ ಹಿಡಿದು ನೋಡಿ, "ಎಷ್ಟು ಒರಟಾಗಿದೆ ಕಣಮ್ಮ ಕೈ. ನಿನ್ನ ಮೊದ್ಲು ಎತ್ಕೊಂಡವಳು ನಾನು" ಎಂದಳು.

"ಅಮ್ಮ, ಸಿಸ್ಟರಮ್ಮ ನಂಗೆ ಈ ಹೆಸ್ರು ಯಾಕಿಟ್ರು? ನೀವಿದ್ರಲ್ಲ ಅಲ್ಲಿ."

"ನಿಮ್ಮವ್ವಂಗೆ ಹೇಳ್ಬಾರದು ಅಂತ ನನ್ನ ಕೈಲಿ ಮಾತು ತಗೊಂಡಿದ್ರು. ಈಗ ಅವ್ರೂ ಇಲ್ಲ, ತಮ್ಮ ದೇಶಕ್ಕೆ ಹೋಗಿ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಹೇಳ್ತೀನಿ ಕೇಳು. ಕೆಟ್ಟ ಹೆಸರಿಡಿ ಅಂತ ನಾನು ಬಿಡಿಸಿ ಹೇಳ್ದಾಗ ಅವ್ರ ಮುಖ ಇಷ್ಟಾಯ್ತು. ಆಗ ತಾನೇ ಹುಟ್ಟಿದ ಕೂಸಿಗೆ ಕಸ ಅಂತ ಹೆಂಗೆ ಕರೀಲಿ ಶಾಂಭವಿ, ಅಂದ್ರು. ನಿಮ್ಮವ್ವ ಕಾಲು ಬಿಡ್ಲಿಲ್ಲ. ಆಮೇಲೆ ಒಂದು ಹೆಸರು ಹೇಳಿದ್ರು. ನಿಮ್ಮವ್ವ ಖುಷಿಯಾಗಿ ಹೋದ್ಲು. ಅವತ್ತು ಊಟದ ಹೊತ್ತಲ್ಲಿ ನನ್ನತ್ರ ಅಂದ್ರು, ಅದು ನಮ್ಮಮ್ಮನ ಹೆಸರು ಅಂತ. ಕೇಳೋರಿಗೆ ಒರಟು, ನಮ್ಮ ಕಡೆ ಹುಡುಗೀರೂ ಆ ಹೆಸರು ಹೇಳ್ಕೊಳ್ಳೋಕೆ ನಾಚ್ಕೋತಾರೆ, ಅದಕ್ಕೆ ಇವ್ಳಿಗೆ ಅನುಮಾನ ಬರಲ್ಲ. ಆದ್ರೆ ನನ್ನ ಹತ್ರ ಇದ್ದಿದ್ರಲ್ಲಿ ಎಲ್ಲಕ್ಕಿಂತ ಒಳ್ಳೇದನ್ನೇ ಕೊಟ್ಟಿದೀನಿ, ಅಂತ. ಅವ್ರಮ್ಮ ಸತ್ತು ಆಗ ಆರು ತಿಂಗ್ಳೂ ಆಗಿರಲಿಲ್ಲ. ಮಣ್ಣಿಗೆ ಹೋಗಕ್ಕೆ ಆಗಿರಲಿಲ್ಲ ಅವ್ರಿಗೆ."

ಕೈಗೆ ಕೊಟ್ಟ ಕಾಫಿಯನ್ನು ಗೊಬ್ನಕ್ಕ ಕುಡಿಯಲೇ ಇಲ್ಲ. ಯಾರದೋ ತಾಯಿಯ ಹೆಸರನ್ನು ಅವಳು ಇಷ್ಟು ವರ್ಷ ಗೊಬ್ಬರವೆಂದು ಬರೆಸಿಕೊಂಡಿದ್ದಳು. ಎದೆ ತುಂಬಿ ಬಂತು, ನಾಚಿಕೆಯೂ ಆಯಿತು. ವಾಪಸು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅವ್ವನಿಗೆ ಯಾವ ಮಾತು ಮೊದಲು, ಯಾವ ಮಾತು ಆಮೇಲೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಮಂಡಿ ನೋವು ಅವತ್ತು ನೆನಪಿಗೆ ಬರಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮಲ್ಲಿಕಾಂಬ, "ಒಂದು ತುತ್ತೂ ಮುಟ್ಟಿಲ್ಲ ಕಣೇ, ಬಾಗ್ಲು ನೋಡ್ಕೊಂಡೇ ಅವ್ರೆ" ಎಂದು ದೂರು ಹೇಳಿ ಎದ್ದು ಹೋದಳು. ಗೊಬ್ನಕ್ಕ ಕಾಲು ತೊಳೆದು ಬಂದು ಮಂಚದ ಪಕ್ಕ ಕೂತಳು.

"ಎಲ್ಲೋಗಿದ್ದೆ?" ಎಂದಳು ಈರಕ್ಕ.

"ಕಡೂರಿಗೆ. ಶಾಂಭವಮ್ಮನ್ನ ನೋಡಕ್ಕೆ."

"ಬದುಕವ್ಳಾ ಅವ್ಳು?"

"ಅವ್ರೆ. ನನ್ ಹೆಸರಿನ ಅರ್ಥ ಹೇಳಿದ್ರು ಕಣವ್ವ."

ಈರಕ್ಕನ ಕೈ ಹೊದಿಕೆಯ ಒಳಗಿಂದ ಹೊರಗೆ ಬಂದು ಗೊಬ್ನಕ್ಕನ ಮಣಿಕಟ್ಟು ಹಿಡಿಯಿತು. ತುತ್ತು ಎತ್ತಲಾಗದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. "ಕೆಟ್ಟದ್ದೇ ತಾನೆ?" ಎಂದಳು. ಉತ್ತರ ಬರುವ ಮೊದಲೇ ಇನ್ನೊಂದು ಸಲ ಕೇಳಿದಳು, "ಗೊಬ್ನಿ, ಕೆಟ್ಟದ್ದೇ ತಾನೆ?"

"ಒಳ್ಳೇದಾಗಿದ್ರೆ ಏನವ್ವ? ಬದುಕಿವ್ನಲ್ಲ ಇಷ್ಟು ವರ್ಷ."

"ಥೂ, ಬಿಡ್ತು ಅನ್ನೇ!" ಈರಕ್ಕನಿಗೆ ಉಸಿರು ಮೇಲೆ ಕೆಳಗಾಯಿತು. ಸುಧಾರಿಸಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದಳು. "ನಿಂಗೆ ಹೇಳಿಲ್ಲ ನಾನು. ಮೂರನೇದು ಹೆಣ್ಣು. ಚಿನ್ನಮ್ಮ ಅಂತಿಟ್ಟಿದ್ದೆ. ಬೆಳ್ಳಗೆ ಗುಂಡಗೆ ಇತ್ತು. ದಿನಾ ಎತ್ಕೊಂಡು ಬೀದಿ ತುಂಬಾ ನನ್ ಮಗಳು, ನನ್ ಮಗಳು ಅಂತ ತೋರಿಸ್ಕೊಂಡು ಓಡಾಡ್ದೆ. ಹತ್ತು ತಿಂಗ್ಳು. ಎರಡು ದಿನದ ಜ್ವರ, ಹೋಗೇಬಿಡ್ತು. ನಾನೇ ಕಣೇ ಕೂಗಿ ಕೂಗಿ ತೋರಿಸ್ಕೊಟ್ಟಿದ್ದು, ಇಲ್ಲೈತೆ ಬಾ ಅಂತ. ನಿನ್ನ ಹೆತ್ತಾಗ ಅಂದ್ಕಂಡೆ, ಇದನ್ನ ನಾನು ಸಾಯೋಗಂಟ ಕರಿಯಲ್ಲ. ಎಷ್ಟು ಸಲ ಬಾಯಿಗೆ ಬಂದಿತ್ತು ಗೊತ್ತಾ? ನಿನ್ ಮದ್ವೇಲಿ ಬಂದಿತ್ತು. ಮೊನ್ನೆ ಆಸ್ಪತ್ರೇಲಿ ಆ ಹುಡುಗಿ ಕೇಳ್ದಾಗ ತುಟೀಗೇ ಬಂದಿತ್ತು. ನಾಲಿಗೆ ಕಚ್ಕಂಡೆ."

ಕಾರಣ ಗೊತ್ತಿದ್ದರೂ, ಮಗಳಲ್ಲ ಎಂದು ಅವ್ವ ತನ್ನನ್ನು ತಳ್ಳಿದ್ದಾಳೆಂದೇ ಗೊಬ್ನಕ್ಕ ಇಷ್ಟು ಕಾಲ ನೊಂದುಕೊಂಡಿದ್ದಳು. ಅವ್ವ ಐವತ್ತೆಂಟು ವರ್ಷ ಒಂದು ದಿನವೂ ಕೈ ಬಿಡದೆ ತನ್ನನ್ನು ಕಾದಿದ್ದಳು. ಸಾಕಾಗಿ ಹೋಗಿರಬೇಕು ಪಾಪ, ಈ ಮುದುಕಿಗೂ ಎಷ್ಟು ಸಾಕಾಗಿರಬೇಕು ಎನ್ನಿಸಿತು ಗೊಬ್ನಕ್ಕನಿಗೆ. ಈಗ ನಿಜ ಹೇಳಿದರೆ ಈ ಜೀವ ಉಳಿದ ನಾಲ್ಕು ದಿನವೂ ಹೆದರಿಕೊಂಡೇ ಇರಬೇಕು.

"ಹೇಳೇ ಗೊಬ್ನಿ. ಏನಂತೆ ಅರ್ಥ?"

"ಕೆಟ್ಟದ್ದೇ ಕಣವ್ವ" ಎಂದಳು ಗೊಬ್ನಕ್ಕ. "ಕಸ, ಕೊಚ್ಚೆ ಅಂತ ಏನೋ ಬತ್ತದಂತೆ. ಅವ್ರ ದೇಶದಾಗೆ ನಾಯಿಗೂ ಇಡಾಕಿಲ್ವಂತೆ ಆ ಹೆಸ್ರನ್ನ."

"ಶಾಂಭವಿನೇ ಹೇಳಿದ್ಲಾ?"

"ಶಾಂಭವಮ್ಮನೇ ಹೇಳಿದ್ದು."

ಈರಕ್ಕ ಹಿಡಿದ ಕೈ ಸಡಿಲ ಬಿಟ್ಟಳು. ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿದವು. "ಸದ್ಯ" ಎಂದಳು. ಆಮೇಲೆ, "ಹಂಗಾದ್ರೆ ನೀನು ನನ್ ಕಣ್ ಮುಂದೆ ಹೋಗಾಕಿಲ್ಲ ಬಿಡು" ಎಂದಳು.

"ಹೋಗಾಕಿಲ್ಲ ಕಣವ್ವ" ಎಂದಳು ಗೊಬ್ನಕ್ಕ. ಎದ್ದು ಹೋಗಿ ಗಂಜಿ ಬಿಸಿ ಮಾಡಿ ತಂದಳು. ಈರಕ್ಕ ಅವತ್ತು ಬಟ್ಟಲಲ್ಲಿದ್ದುದನ್ನೆಲ್ಲ ಕುಡಿದು, ಇನ್ನೂ ಸ್ವಲ್ಪ ಇದ್ದರೆ ಹಾಕು ಎಂದಳು.